ಅಜ್ಜಯ್ಯ ಹೇಳುತ್ತಿದ್ದ "ಕರಿ ದಾರಿ" ಯಾವುದು? 1942ರಲ್ಲಿ ರಂಗೂನಿನಿಂದ ನಡೆದು ಬಂದವರ ಬಗ್ಗೆ ಗೊತ್ತಿದ್ದವರು ತಿಳಿಸಿ

ಕುಂದಾಪುರದ ಮೊಮ್ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇದು ನಮ್ಮ ಮನೆಯ ವಿಷಯ. ಆದರೆ ಮನೆಯಲ್ಲಿ ಕೇಳೋಣ ಎಂದರೆ ಗೊತ್ತಿರುವವರು ಯಾರೂ ಉಳಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಮ್ಮನ ಅಪ್ಪ, ಅಂದರೆ ನಮ್ಮ ಅಜ್ಜಯ್ಯ, ಹದಿನೇಳನೇ ವಯಸ್ಸಿಗೆ ಬರ್ಮಾದ (ಈಗಿನ ಮ್ಯಾನ್ಮಾರ್) ರಂಗೂನಿಗೆ ಹೋದವರು. ನಮ್ಮ ಕಡೆಯವರೆಲ್ಲ ಬೊಂಬಾಯಿಗೆ ಹೋಗುತ್ತಿದ್ದ ಕಾಲ ಅದು. ಇವರು ಮಾತ್ರ ಮದರಾಸಿಗೆ ಹೋಗಿ ಅಲ್ಲಿಂದ ಹಡಗು ಹತ್ತಿದರು. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ. ಯುದ್ಧ ಬಂದಾಗ ಅಲ್ಲಿಂದ ಕಾಡಿನಲ್ಲಿ ನಡೆದು ವಾಪಸ್ ಬಂದರು. ಅವರು 1991ರಲ್ಲಿ ತೀರಿಕೊಂಡರು. ಆಗ ನಾನು ಚಿಕ್ಕವಳು. ಕೇಳಿದ್ದೆಲ್ಲ ಚೂರುಚೂರು.

ಮೊನ್ನೆ ಒಂದು ಮನೆ ಒಕ್ಕಲಿನಲ್ಲಿ ಎಲ್ಲರೂ ಸೇರಿದ್ದಾಗ ಮಾವನ ಮಗ ಈ ಮಾತು ತೆಗೆದ. "ಅದೆಲ್ಲ ಕಟ್ಟುಕತೆ. ರಂಗೂನಿನಿಂದ ಯಾರಾದರೂ ನಡೆದು ಬರಲಿಕ್ಕೆ ಆಗುತ್ತದಾ? ಮಣಿಪುರ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ ಅಂತಿದ್ದರಲ್ಲ, ಆಗ ಮಣಿಪುರದಲ್ಲಿ ರೈಲು ಎಲ್ಲಿತ್ತು?" ಎಂದ. ಅಮ್ಮ ಏನೂ ಹೇಳಲಿಲ್ಲ. ಎದ್ದು ಒಳಗೆ ಹೋದರು. ಅವರಿಗೆ ಎಪ್ಪತ್ತು ದಾಟಿದೆ. ಅವರ ಅಪ್ಪ ಸುಳ್ಳು ಹೇಳಿದರು ಎಂದು ಈಗ ಕೇಳಬೇಕಾಯಿತಲ್ಲ ಎಂದು ನನಗೆ ತುಂಬ ಬೇಜಾರಾಯಿತು.

ನನಗೆ ನೆನಪಿರುವುದು, ಅಮ್ಮ ಹೇಳಿದ್ದು ಎಲ್ಲ ಬರೆಯುತ್ತೇನೆ. ಮಾಂಡಲೆಯಿಂದ ಮುಂದೆ ಸ್ವಲ್ಪ ರೈಲು, ಆಮೇಲೆ ಹೊಳೆಯಲ್ಲಿ ದೋಣಿ, ಆಮೇಲೆ ನಡಿಗೆ. ಕಾಡು ಅಂದರೂ ಅವರು ಮಳೆಯ ಮಾತು ಎತ್ತುತ್ತಲೇ ಇರಲಿಲ್ಲ, ಬರೀ ಧೂಳು ಅನ್ನುತ್ತಿದ್ದರು. "ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಧೂಳು ಕೂತು ಎಲ್ಲರೂ ಮುದುಕರ ಹಾಗೆ ಕಾಣ್ತಿದ್ದೆವು" ಎಂಬುದು ಅವರದೇ ಮಾತು. ನಡೆದ ದಾರಿಗೆ "ಕರಿ ದಾರಿ" ಎನ್ನುತ್ತಿದ್ದರು. ಕತ್ತಲೆಯ ಕಾಡು ಇರಬೇಕು ಎಂದುಕೊಂಡಿದ್ದೆವು. ಕೊನೆಗೆ ಮದರಾಸಿಗೆ ಬಂದರೆ ಅಲ್ಲೂ ಊರೆಲ್ಲ ಖಾಲಿಯಾಗಿತ್ತಂತೆ. ಇದು ನನಗೂ ಅರ್ಥವಾಗಿಲ್ಲ, ಮದರಾಸು ಯಾಕೆ ಖಾಲಿಯಾಗುತ್ತದೆ? ಎಡಗಾಲಿನ ಮೀನಖಂಡದ ಹತ್ತಿರ ಒಂದು ದೊಡ್ಡ ಕಲೆ ಇತ್ತು. ಅಲ್ಲಿ ಮಾಂಸವೇ ಇಲ್ಲದ ಹಾಗೆ ಗುಳಿ ಬಿದ್ದಿತ್ತು.

ಇನ್ನೊಂದು ವಿಷಯ. ಪ್ರತಿ ಮಹಾಲಯ ಅಮಾವಾಸ್ಯೆಗೆ ಅಜ್ಜಯ್ಯ ನಮ್ಮ ಹಿರಿಯರಿಗೆ ಎಡೆ ಇಟ್ಟ ಮೇಲೆ ಇನ್ನೊಂದು ಎಲೆ ಹಾಕಿಸುತ್ತಿದ್ದರು. ಸ್ವಲ್ಪ ದೂರದಲ್ಲಿ, ಬೇರೆಯಾಗಿ. ಅದರ ಪಕ್ಕ ಒಂದು ತಂಬಿಗೆ ತುಂಬ ನೀರು. ಯಾರಿಗೆ ಎಂದು ಕೇಳಿದರೆ "ಜೊತೆಗೆ ಬಂದವನಿಗೆ" ಎನ್ನುತ್ತಿದ್ದರು, ಅಷ್ಟೇ.

ಹೀಗೆ ನಡೆದು ಬಂದವರು ನಿಜವಾಗಿ ಇದ್ದರಾ? ಇವರು ಯಾವ ದಾರಿಯಲ್ಲಿ ಬಂದಿರಬಹುದು? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಶಿವಮೊಗ್ಗದ ನಿವೃತ್ತ ರಸ್ತೆ ಇಂಜಿನಿಯರ್:

ಮೇಡಂ, ಮೊದಲು ನಿಮ್ಮ ಅಮ್ಮನಿಗೆ ಹೇಳಿ. ನಿಮ್ಮ ಅಜ್ಜಯ್ಯ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಅವರು ಬಂದ ದಾರಿ ಮಾತ್ರ ಅಲ್ಲ, ಬಂದ ತಿಂಗಳನ್ನೂ ಹೆಚ್ಚುಕಡಿಮೆ ಹೇಳಬಹುದು.

ನಾನು ಕೆಲಸದಲ್ಲಿದ್ದಾಗ ಮಣಿಪುರದಲ್ಲಿ ನಾಲ್ಕು ವರ್ಷ ಇದ್ದೆ. ಇಂಫಾಲದಿಂದ ಪಲೇಲ್, ತೆಂಗ್ನೌಪಾಲ್ ದಾಟಿ ಬರ್ಮಾ ಗಡಿಯ ಮೊರೆ ಎಂಬ ಊರಿಗೆ ಹೋಗುವ ರಸ್ತೆಯಲ್ಲಿ ನನ್ನ ಕೆಲಸ. ಮೊರೆಯ ಆಚೆಗೇ ತಮು ಎಂಬ ಬರ್ಮಾದ ಊರು. ಆ ರಸ್ತೆಯ ಒಂದೊಂದು ತಿರುವೂ ನನಗೆ ಗೊತ್ತು. ಅಲ್ಲಿ ಏನು ನಡೆದಿತ್ತು ಎಂದು ಗೊತ್ತಾದದ್ದು ಮಾತ್ರ ಹೋಗಿ ಎರಡು ವರ್ಷದ ಮೇಲೆ. ಅವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ.

ಮಾವನ ಮಗನ ಪ್ರಶ್ನೆಗೆ ಮೊದಲು ಉತ್ತರ. ಆಗ ಮಣಿಪುರದಲ್ಲಿ ರೈಲು ಇರಲಿಲ್ಲ, ಅದು ಸರಿ. ಆದರೆ ನಾಗಾ ಬೆಟ್ಟಗಳ ಬುಡದಲ್ಲಿರುವ ಡಿಮಾಪುರದ ಸ್ಟೇಷನ್ನಿಗೆ ಆಗ ಇದ್ದ ಹೆಸರೇ "ಮಣಿಪುರ ರೋಡ್". ಇಂಫಾಲಕ್ಕೆ ಹೋಗುವವರು ಅಲ್ಲಿ ಇಳಿದು ಸುಮಾರು 215 ಕಿಲೋಮೀಟರ್ ಬೆಟ್ಟದ ರಸ್ತೆಯಲ್ಲಿ ಹೋಗಬೇಕಿತ್ತು. ಕುಂದಾಪುರದಲ್ಲಿ ಕೂತು ಕತೆ ಕಟ್ಟುವವರಿಗೆ ಈ ಹೆಸರು ಹೊಳೆಯುವುದೇ ಇಲ್ಲ. ಅಲ್ಲಿ ರೈಲು ಹತ್ತಿದವರ ಬಾಯಲ್ಲಿ ಮಾತ್ರ ಅದು ಬರಲು ಸಾಧ್ಯ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. 1931ರ ಜನಗಣತಿಯ ಪ್ರಕಾರ ಬರ್ಮಾದಲ್ಲಿ ಸುಮಾರು 10 ಲಕ್ಷ ಹಿಂದೂಸ್ತಾನಿಗಳಿದ್ದರು. ರಂಗೂನ್ ಪಟ್ಟಣದಲ್ಲಂತೂ ಅರ್ಧಕ್ಕಿಂತ ಜಾಸ್ತಿ ನಮ್ಮವರೇ. ತೆಲುಗರು, ತಮಿಳರು, ಒಡಿಯಾದವರು, ಚಿತ್ತಗಾಂಗಿನವರು. ಬಂದರಿನಲ್ಲಿ ಮೂಟೆ ಹೊರುವುದು, ಗಿರಣಿ, ರೈಲ್ವೆ, ಬೀದಿ ಗುಡಿಸುವುದು, ಎಲ್ಲ ಅವರ ಕೈಯಲ್ಲೇ ಇತ್ತು. 1941ರ ಡಿಸೆಂಬರ್ 23ರಂದು ಜಪಾನಿನ ವಿಮಾನಗಳು ಬಂದವು. ಬಾಂಬು ಅಂದರೆ ಏನು ಎಂದು ಜನರಿಗೆ ಗೊತ್ತಿರಲಿಲ್ಲ. ವಿಮಾನ ನೋಡಲು ಬೀದಿಗೆ ಬಂದು ಮೇಲೆ ನೋಡುತ್ತಾ ನಿಂತಿದ್ದರು. ಅವತ್ತು ಸತ್ತವರೇ ಸಾವಿರಕ್ಕೂ ಹೆಚ್ಚು. ಎರಡು ದಿನ ಬಿಟ್ಟು ಕ್ರಿಸ್‌ಮಸ್ ದಿನ ಮತ್ತೆ ಬಂದವು. ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಹಣ ಇದ್ದವರಿಗೆ, ದೊರೆಗಳಿಗೆ ಹಡಗು ಸಿಕ್ಕಿತು. ಉಳಿದವರಿಗೆ ಕಾಲೇ ಗತಿ. 1942ರ ಮಾರ್ಚ್ 8ರಂದು ರಂಗೂನ್ ಜಪಾನಿನ ಕೈಸೇರಿತು. ಅಲ್ಲಿಗೆ ಸಮುದ್ರದ ಬಾಗಿಲು ಮುಚ್ಚಿತು.

ನೆಲದ ಮೇಲೆ ಮುಖ್ಯವಾಗಿ ಮೂರು ಕಡೆಯಿಂದ ಬಂದರು. ಒಂದು, ಪ್ರೋಮಿನಿಂದ ತೌಂಗುಪ್ ಕಣಿವೆ ದಾಟಿ ಅರಾಕಾನ್ ಕರಾವಳಿಗೆ, ಅಲ್ಲಿಂದ ಚಿತ್ತಗಾಂಗಿಗೆ. ನಿಮ್ಮ ಅಜ್ಜಯ್ಯ ಮಾಂಡಲೆಯ ಹೆಸರು ಹೇಳಿರುವುದರಿಂದ ಅದನ್ನು ಬಿಡಿ. ಇನ್ನೊಂದು ಉತ್ತರದ ತುದಿಯಲ್ಲಿ ಹುಕಾಂಗ್ ಕಣಿವೆ, ಪಾಂಗ್ಸೌ ಪಾಸ್ ಮೂಲಕ ಅಸ್ಸಾಮಿನ ಲೇಡೋಗೆ. ಮೇ ತಿಂಗಳಲ್ಲಿ ಬೇರೆ ದಾರಿಗಳೆಲ್ಲ ಮುಚ್ಚಿದ ಮೇಲೆ ಜನ ಆ ಕಡೆ ನುಗ್ಗಿದರು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಆ ದಾರಿಯಲ್ಲಿ ಬಂದವರು ಸಾಯುವ ತನಕ ಹೇಳಿದ್ದು ಕೆಸರು, ಇಂಬಳ, ಉಕ್ಕುವ ಹೊಳೆಗಳ ಮಾತನ್ನೇ. ಧೂಳಿನ ಮಾತು ಅವರ ಬಾಯಲ್ಲಿ ಬರಲು ಸಾಧ್ಯವೇ ಇಲ್ಲ.

ಹಾಗಾದರೆ ಉಳಿದದ್ದು ನನ್ನ ರಸ್ತೆ. ಮಾಂಡಲೆಯಿಂದ ರೈಲಿನಲ್ಲಿ ಮೊನಿವಾ. ಅಲ್ಲಿಂದ ಚಿಂದ್ವಿನ್ ನದಿಯಲ್ಲಿ ಮೇಲಕ್ಕೆ ಕಲೇವಾ ತನಕ ದೋಣಿ. ಕಲೇವಾದಿಂದ ಕಬಾ ಕಣಿವೆಯ ತೇಗದ ಕಾಡಿನೊಳಗೆ ಸುಮಾರು 150 ಕಿಲೋಮೀಟರ್ ನಡೆದರೆ ತಮು. ತಮುವಿನಿಂದ ಬೆಟ್ಟ ಹತ್ತಿ ಇಳಿದರೆ ಪಲೇಲ್. ಅಜ್ಜಯ್ಯ ಹೇಳಿದ "ರೈಲು, ಹೊಳೆ, ನಡಿಗೆ" ಇದೇ ಸಾಲಿನಲ್ಲಿದೆ ನೋಡಿ.

ಈಗ ಕರಿ ದಾರಿ. ನೀವು ಅದನ್ನು ಕತ್ತಲೆಯ ಕಾಡು ಎಂದುಕೊಂಡಿರಿ. ಅದನ್ನು ಓದುವಾಗ ನನಗೆ ಕೈ ನಡುಗಿತು. ಆ ಹಾದಿಯಲ್ಲಿ ಬಿಳಿಯರಿಗೆ ಒಂದು ದಾರಿ, ಹಿಂದೂಸ್ತಾನಿಗಳಿಗೆ ಇನ್ನೊಂದು ದಾರಿ ಮಾಡಿದ್ದರು. ಜನ ಅದನ್ನು "ವೈಟ್ ರೂಟ್", "ಬ್ಲ್ಯಾಕ್ ರೂಟ್" ಎಂದೇ ಕರೆದರು. ಬಿಳಿ ದಾರಿಯಲ್ಲಿ ತಂಗಲು ಜಾಗ, ಊಟ, ಹೊರಲು ಆಳು ಎಲ್ಲ ಚೆನ್ನಾಗಿತ್ತು. ಕರಿ ದಾರಿಯಲ್ಲಿ ಲೆಕ್ಕವಿಲ್ಲದಷ್ಟು ಜನ, ಇದ್ದ ಸೌಲಭ್ಯ ಮಾತ್ರ ಅರೆಬರೆ. ಒಂದೇ ಯುದ್ಧ, ಒಂದೇ ಕಾಡು. ಹಸಿವಿಗೂ ಬಾಯಾರಿಕೆಗೂ ಬಣ್ಣ ನೋಡಿ ದಾರಿ ತೋರಿಸಿದರು. ಆ ವರ್ಷ ಏಪ್ರಿಲ್ ಕೊನೆಯಲ್ಲಿ ಅಲಹಾಬಾದಿನಲ್ಲಿ ಸೇರಿದ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಈ ತಾರತಮ್ಯವನ್ನು ಖಂಡಿಸಿ ನಿರ್ಣಯ ಮಾಡಿತು. ನಿಮ್ಮ ಅಜ್ಜಯ್ಯನಿಗೆ ನಿರ್ಣಯದ ವಿಷಯ ತಿಳಿದಿತ್ತೋ ಇಲ್ಲವೋ, ತಾವು ಯಾವ ದಾರಿಯಲ್ಲಿ ನಡೆದೆವು ಎಂಬುದು ಚೆನ್ನಾಗಿ ತಿಳಿದಿತ್ತು. ಅದನ್ನು ಕನ್ನಡದಲ್ಲಿ ಹೇಳಿದರು, ಅಷ್ಟೇ.

ನಾನು ಅಲ್ಲಿದ್ದಾಗ ಒಂದು ಮಾರ್ಚ್ ತಿಂಗಳಲ್ಲಿ, ಜೀಪು ಕೆಟ್ಟು, ಮೊರೆ ಕಡೆಯಿಂದ ತೆಂಗ್ನೌಪಾಲ್ ಕಡೆಗೆ ನಡೆಯಬೇಕಾಯಿತು. ಡಾಂಬರು ಹಾಕಿದ ರಸ್ತೆ. ಕೈಯಲ್ಲಿ ಒಂದು ಫೈಲು, ಹೆಗಲಿಗೆ ನೀರಿನ ಕ್ಯಾನ್. ವಯಸ್ಸು ಮೂವತ್ತೆಂಟು. ಮೂರು ಗಂಟೆಯಲ್ಲಿ ಕಾಲು ಸೋತಿತು. ಒಂದು ತಿರುವು ದಾಟಿದರೆ ಇನ್ನೊಂದು ತಿರುವು ಮೇಲೆ ಕಾಣುತ್ತದೆ. ಆ ತಿಂಗಳಲ್ಲಿ ಬೆಟ್ಟದ ಝರಿಗಳೆಲ್ಲ ಒಣಗಿರುತ್ತವೆ. ರಸ್ತೆ ಬದಿಯ ಗಿಡದ ಎಲೆಯ ಮೇಲೆ ಬೆರಳಿಟ್ಟರೆ ಅಚ್ಚು ಮೂಡುವಷ್ಟು ದಪ್ಪ ಧೂಳು. ಒಬ್ಬ ವಯಸ್ಸಾದ ಹಳ್ಳಿಯವರು ಕರೆದು ಕೂರಿಸಿದರು. ಬಿದಿರಿನ ಕೊಳವೆಯಿಂದ ನೀರು ಬಗ್ಗಿಸಿ ಕೊಟ್ಟರು. ನನ್ನ ಜೊತೆಗಿದ್ದ ಹುಡುಗ ಅವರ ಮಾತನ್ನು ಹಿಂದಿಗೆ ಮಾಡಿ ಹೇಳಿದ. "ನಾನು ಹುಡುಗನಾಗಿದ್ದಾಗ ಇಲ್ಲಿ ನಿಮ್ಮ ಕಡೆಯ ಜನ ಹಗಲೂ ರಾತ್ರಿ ಹೋಗುತ್ತಿದ್ದರು. ನನ್ನ ತಾಯಿ ನೀರು ಹೊತ್ತು ತಂದು ಇದೇ ತಿರುವಿನಲ್ಲಿ ಇಡುತ್ತಿದ್ದಳು. ಕೆಲವರು ಕುಡಿದು ಎದ್ದರು. ಕೆಲವರು ಕುಡಿದು ಮಲಗಿದರು, ಏಳಲಿಲ್ಲ." ನನಗೆ ಈ ವಿಷಯ ಮೊದಲು ಗೊತ್ತಾದದ್ದು ಅವತ್ತೇ. ನಿಮ್ಮ ಮನೆಯ ಬೇರೆ ಎಲೆ, ಪಕ್ಕದ ನೀರಿನ ತಂಬಿಗೆಯ ಬಗ್ಗೆ ಓದಿದಾಗ ಆ ತಿರುವು ಕಣ್ಣಿಗೆ ಕಟ್ಟಿತು. ಅಲ್ಲಿ ಸತ್ತವರಲ್ಲಿ ಬಹಳ ಜನ ಬಾಂಬಿಗೆ ಸತ್ತವರಲ್ಲ. ಕಾಲರಾ, ರಕ್ತಭೇದಿ, ಮಲೇರಿಯಾ, ಬರೀ ಸುಸ್ತು.

ಇನ್ನು ಮದರಾಸು. 1942ರ ಏಪ್ರಿಲ್ 5ರಂದು ಜಪಾನೀಯರು ಕೊಲಂಬೊ ಮೇಲೆ ಬಾಂಬು ಹಾಕಿದರು, 6ರಂದು ವಿಶಾಖಪಟ್ಟಣದ ಮೇಲೆ. ಮುಂದಿನದು ಮದರಾಸೇ ಎಂದು ಜನ ಊರು ಖಾಲಿ ಮಾಡಿದರು. ಸರ್ಕಾರಿ ಕಚೇರಿಗಳನ್ನೂ ಬೇರೆ ಊರುಗಳಿಗೆ ಸಾಗಿಸಿದರು. ಬೋನು ಒಡೆದರೆ ಗತಿಯೇನು ಎಂದು ಮೃಗಾಲಯದ ಹುಲಿ ಸಿಂಹಗಳನ್ನೂ ಗುಂಡಿಟ್ಟು ಕೊಂದರು. ಹಾಗಾಗಿ ನಿಮ್ಮ ಅಜ್ಜಯ್ಯ ಮದರಾಸಿಗೆ ಬಂದದ್ದು ಏಪ್ರಿಲ್ ಎರಡನೇ ವಾರದ ಮೇಲೆ. ಡಿಮಾಪುರದಿಂದ ಬ್ರಹ್ಮಪುತ್ರವನ್ನು ಸ್ಟೀಮರಿನಲ್ಲಿ ದಾಟಿ (ಆಗ ಸೇತುವೆ ಇರಲಿಲ್ಲ), ಕಲ್ಕತ್ತಾ ಮುಟ್ಟಿ, ಅಲ್ಲಿಂದ ಮದರಾಸು. ದಿನಗಳನ್ನು ಹಿಂದಕ್ಕೆ ಎಣಿಸಿದರೆ ಕಬಾ ಕಣಿವೆಯನ್ನು ಮಾರ್ಚ್ ಕೊನೆಯ ಹೊತ್ತಿಗೆ ದಾಟಿರಬೇಕು. ಧೂಳಿನ ಮಾತಿಗೂ ಇದು ಸರಿಹೊಂದುತ್ತದೆ. ಮಳೆಗೆ ಇನ್ನೂ ಒಂದೂವರೆ ತಿಂಗಳು ಇತ್ತು. ಆ ಒಂದೂವರೆ ತಿಂಗಳೇ ಅವರ ಜೀವ ಉಳಿಸಿತು ಎಂದು ನನಗೆ ಅನಿಸುತ್ತದೆ.

ಕಾಲಿನ ಕಲೆಯ ಬಗ್ಗೆ ನಾನು ಹೇಳುವುದಿಲ್ಲ. ತಿಳಿದವರು ಹೇಳಲಿ.

ಮೈಸೂರಿನ ಡಾಕ್ಟರ್:

ಮೇಲಿನವರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಕಾಲಿನ ಗುಳಿಯ ಬಗ್ಗೆ ನಾನು ಎರಡು ಮಾತು ಸೇರಿಸುತ್ತೇನೆ.

ಆ ಕಾಡಿನಲ್ಲಿ ಬಂದವರಿಗೆ "ನಾಗಾ ಹುಣ್ಣು" ಎಂದು ಆಗುತ್ತಿತ್ತು. ಮುಳ್ಳು ತರಚಿದ್ದು, ಇಂಬಳ ಕಚ್ಚಿದ್ದು, ಚಪ್ಪಲಿ ಉಜ್ಜಿದ್ದು, ಅಷ್ಟು ಸಣ್ಣ ಗಾಯ ಸಾಕು. ಹೊಟ್ಟೆಗೆ ಇಲ್ಲದ ಮೈಯಲ್ಲಿ ಅದು ವಾಸಿಯಾಗುವುದಿಲ್ಲ. ನೋಡನೋಡುತ್ತಿದ್ದಂತೆ ಅಗಲವಾಗಿ, ಆಳವಾಗಿ ಮಾಂಸ ಕೊಳೆಯುತ್ತಾ ಹೋಗುತ್ತದೆ. ಕೆಲವರಿಗೆ ಮೂಳೆ ಕಾಣುವ ತನಕ. ಹೆಚ್ಚಾಗಿ ಮೊಣಕಾಲಿನ ಕೆಳಗೇ ಆಗುವುದು. ಬದುಕಿ ಉಳಿದರೆ ನೀವು ಹೇಳಿದ ಹಾಗೆ ಗುಳಿ ಬಿದ್ದ, ತೆಳ್ಳಗೆ ಹೊಳೆಯುವ ಚರ್ಮದ ಕಲೆ ಉಳಿಯುತ್ತದೆ. ಮಳೆಗಾಲದಲ್ಲಿ ಬಂದವರಿಗೆ ಇದು ಜಾಸ್ತಿ. ಒಣ ದಿನಗಳಲ್ಲಿ ಆಗುವುದೇ ಇಲ್ಲ ಎಂದೇನಿಲ್ಲ. ಕಲೆ ಒಂದನ್ನೇ ನೋಡಿ ಖಚಿತವಾಗಿ ಹೇಳಲು ಬರುವುದಿಲ್ಲ, ಆದರೆ ಅವರ ಕತೆಗೆ ಹೊಂದುತ್ತದೆ. ಪೆನಿಸಿಲಿನ್ ಇನ್ನೂ ಜನರ ಕೈಗೆ ಬಂದಿರದ ಕಾಲ. ಆ ಕಾಲಿನಲ್ಲಿ ಊರು ಮುಟ್ಟಿದರಲ್ಲ, ದೊಡ್ಡದು.

ಚೆನ್ನೈ ಕನ್ನಡತಿ:

ನಿಮ್ಮ ಮಾವನ ಮಗ ಎರಡು ವಿಷಯ ಬೆರೆಸಿಕೊಂಡಿರಬಹುದು. ಇಲ್ಲಿ ಚೆನ್ನೈನಲ್ಲಿ "ಬರ್ಮಾದಿಂದ ಬಂದವರು" ಎಂದರೆ ಹೆಚ್ಚಿನವರಿಗೆ ನೆನಪಾಗುವುದು 1960ರ ದಶಕ. ಬರ್ಮಾದಲ್ಲಿ ಸೇನೆಯ ಸರ್ಕಾರ ಬಂದು ಅಂಗಡಿ ವ್ಯಾಪಾರವನ್ನೆಲ್ಲ ವಶ ಮಾಡಿಕೊಂಡ ಮೇಲೆ ಬಂದವರು ಅವರು. ಅವರು ಬಂದದ್ದು ಹಡಗಿನಲ್ಲಿ. ಬೀಚ್ ಸ್ಟೇಷನ್ ಎದುರಿನ ಬರ್ಮಾ ಬಜಾರ್ ಅವರಿಗಾಗಿಯೇ ಆದದ್ದು. ನನ್ನ ಪಕ್ಕದ ಮನೆಯ ಪಾಟಿ (ಅಜ್ಜಿ) ಹಾಗೆ ಬಂದವರು, ಈಗಲೂ ಬರ್ಮಾದ ನೂಡಲ್ಸ್ ತಿಂಡಿ ಅತ್ತೋ ಮಾಡಿ ಕೊಡುತ್ತಾರೆ. ನಡೆದು ಬಂದವರು 1942ರವರು. ಇಬ್ಬರ ಕಷ್ಟವೂ ಬೇರೆ ಬೇರೆ.

ಸಿನಿಮಾದ ಹೆಲೆನ್ ಗೊತ್ತಲ್ವಾ? ಅವರೂ ಯುದ್ಧದ ಸಮಯದಲ್ಲಿ ಚಿಕ್ಕ ಹುಡುಗಿಯಾಗಿ ತಾಯಿಯ ಜೊತೆ ಬರ್ಮಾದಿಂದ ಕಾಡು ದಾಟಿ ಅಸ್ಸಾಮಿಗೆ ನಡೆದು ಬಂದವರೇ. ಮಾವನ ಮಗನಿಗೆ ಇದನ್ನೂ ಹೇಳಿ.

ಶಿವಮೊಗ್ಗದ ನಿವೃತ್ತ ರಸ್ತೆ ಇಂಜಿನಿಯರ್:

ಚೆನ್ನೈ ಮೇಡಂ ಹೇಳಿದ್ದು ಸರಿ. ಆ ಅರವತ್ತರ ದಶಕದವರಲ್ಲಿ ಕೆಲವು ತಮಿಳರು ಇಲ್ಲಿ ಒಗ್ಗದೆ ವಾಪಸ್ ಬರ್ಮಾಕ್ಕೆ ಹೋಗಲು ಮೊರೆ ತನಕ ಬಂದು, ಗಡಿ ದಾಟಲಾಗದೆ ಅಲ್ಲೇ ಉಳಿದರು. ನಾನಿದ್ದಾಗ ಅವರ ಕೈಯ ಇಡ್ಲಿ ತಿಂದಿದ್ದೇನೆ, ಗಡಿಯ ಆ ತುದಿಯಲ್ಲಿ.

ಒಂದು ಮಾತು ನಿನ್ನೆ ಬಿಟ್ಟುಹೋಯಿತು. 1942ರಲ್ಲಿ ನೆಲದ ದಾರಿಯಲ್ಲಿ ಬಂದು ಮುಟ್ಟಿದವರು ನಾಲ್ಕು ಲಕ್ಷಕ್ಕೂ ಜಾಸ್ತಿ ಎನ್ನುತ್ತಾರೆ. ದಾರಿಯಲ್ಲಿ ಸತ್ತವರನ್ನು ಯಾರೂ ಎಣಿಸಲಿಲ್ಲ. ಹತ್ತು ಸಾವಿರದಿಂದ ಹಿಡಿದು ಐವತ್ತು ಸಾವಿರ, ಅದಕ್ಕೂ ಮೇಲೆ ಹೇಳುವವರಿದ್ದಾರೆ. ಅಸ್ಸಾಮಿನ ಕಡೆ ದಾರಿ ಮಾಡಿ, ಕ್ಯಾಂಪು ಹಾಕಿ, ಬಂದವರಿಗೆ ಅನ್ನ ಚಹಾ ಕೊಟ್ಟವರು ಹೆಚ್ಚಾಗಿ ಚಹಾ ತೋಟದ ಕೂಲಿಗಳು. ತೋಟದ ಮಾಲೀಕರ ಸಂಘ ಅವರನ್ನು ಕಳಿಸಿತ್ತು. ಸಂಘದ ಹೆಸರು ಪುಸ್ತಕಗಳಲ್ಲಿ ಇದೆ, ಕೂಲಿಗಳ ಹೆಸರು ಇಲ್ಲ. ನಾಗಾ, ಕುಕಿ ಹಳ್ಳಿಯವರದೂ ಇಲ್ಲ.

ದಾಖಲೆ ಹುಡುಕುವುದಾದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ "ಅಭಿಲೇಖ್ ಪಟಲ್" ಎಂಬ ವೆಬ್‌ಸೈಟ್ ಇದೆ. ಅದರಲ್ಲಿ ಬರ್ಮಾ ಇವ್ಯಾಕ್ಯುಯೀ (Burma evacuee, ಅಂದರೆ ಬರ್ಮಾ ಬಿಟ್ಟು ಬಂದವರು) ಎಂದು ಹುಡುಕಿ ನೋಡಿ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿ ಇದ್ದುದರಿಂದ ಚೆನ್ನೈ ಎಗ್ಮೋರಿನ ಪತ್ರಾಗಾರದಲ್ಲೂ ವಿಚಾರಿಸಬಹುದು. ನಿಮ್ಮ ಅಮ್ಮನನ್ನು ಆ ಬೇರೆ ಎಲೆಯ ಬಗ್ಗೆ ಇನ್ನೊಮ್ಮೆ ಕೇಳಿ. ಸುಮ್ನೆ ಪಕ್ಕದಲ್ಲಿ ಕೂತು ಕೇಳಿ. ಒಂದೊಂದು ಸಲ ನೆನಪು ಆಮೇಲೆ ಬರುತ್ತದೆ.

ಕುಂದಾಪುರದ ಮೊಮ್ಮಗಳು:

ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ರಾತ್ರಿ ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಮಣಿಪುರ ರೋಡ್ ವಿಷಯ ಬಂದಾಗ "ಇನ್ನೊಮ್ಮೆ ಓದು" ಎಂದರು. ಮೂರು ಸಲ ಓದಿಸಿದರು. ಕರಿ ದಾರಿಯ ಅರ್ಥ ಕೇಳಿ ಬಹಳ ಹೊತ್ತು ಸುಮ್ಮನಿದ್ದರು.

ಆಮೇಲೆ ಅವರೇ ಹೇಳಿದರು. ಜೊತೆಗೆ ಬಂದವರು ಬಾರ್ಕೂರು ಕಡೆಯವರಂತೆ. ಅದೇ ಗಿರಣಿಯಲ್ಲಿ ಕೆಲಸ, ಅಜ್ಜಯ್ಯನಿಗಿಂತ ಸ್ವಲ್ಪ ದೊಡ್ಡವರು. ಬೆಟ್ಟ ಹತ್ತುವಾಗ ಒಂದು ಮರದ ಬುಡದಲ್ಲಿ ಕೂತರು. "ನೀನು ಹೋಗ್ತಾ ಇರು, ನೀರು ಸಿಕ್ಕಿದರೆ ತಾ, ನಾನು ಇಲ್ಲೇ ಇರ್ತೇನೆ" ಎಂದರಂತೆ. ಅಜ್ಜಯ್ಯ ನೀರು ಹುಡುಕಿಕೊಂಡು ಬರುವಷ್ಟರಲ್ಲಿ ಸಂಜೆ. ತಂದ ನೀರನ್ನು ಬಾಯಿಗೆ ಬಿಟ್ಟರೆ ಒಳಗೆ ಹೋಗಲಿಲ್ಲ. ಊರಿಗೆ ಬಂದ ಮೇಲೆ ಅವರ ಮನೆ ಹುಡುಕಿಕೊಂಡು ಒಂದು ಸಲ ಬಾರ್ಕೂರಿಗೆ ಹೋಗಿದ್ದರಂತೆ. ಅಂಗಳದ ತನಕ ಹೋಗಿ, ಒಳಗಿನಿಂದ ಒಬ್ಬ ಮುದುಕಿ "ಯಾರು?" ಎಂದು ಕೇಳಿದಾಗ ಮಾತು ಬಾರದೆ ವಾಪಸ್ ಬಂದರು. ಇದನ್ನು ನನ್ನ ಅಜ್ಜಿಗೆ ಮಾತ್ರ ಹೇಳಿದ್ದರು. ಅಜ್ಜಿ ಅಮ್ಮನಿಗೆ ಹೇಳಿದ್ದು.

ಅಜ್ಜಯ್ಯ ಹೋದ ಮೇಲೆ ನಾವು ಆ ಎಲೆ ಹಾಕುವುದನ್ನು ಬಿಟ್ಟಿದ್ದೆವು. ಯಾರಿಗೆ ಎಂದೇ ಗೊತ್ತಿರಲಿಲ್ಲವಲ್ಲ. ಈ ಸಲದ ಮಹಾಲಯಕ್ಕೆ ಹಾಕಬೇಕು ಎಂದು ಅಮ್ಮ ಹೇಳಿದ್ದಾರೆ. ಬಾರ್ಕೂರಿನಲ್ಲಿ ಯಾರ ಮನೆಯವರಾದರೂ ರಂಗೂನಿಗೆ ಹೋಗಿ ವಾಪಸ್ ಬಾರದವರು ಇದ್ದರಾ ಎಂದು ತಿಳಿದರೆ ದಯವಿಟ್ಟು ಹೇಳಿ.

ಬ್ರಹ್ಮಾವರದಿಂದ:

ಅಕ್ಕ, ನನ್ನ ತಾಯಿಯ ಊರು ಬಾರ್ಕೂರಿಗೆ ಮೂರು ಮೈಲಿ. ಅಲ್ಲಿ ತೊಂಬತ್ತು ದಾಟಿದ ಇಬ್ಬರು ಇದ್ದಾರೆ, ಇಬ್ಬರಿಗೂ ನೆನಪು ಚೆನ್ನಾಗಿದೆ. ಈ ಭಾನುವಾರ ಹೋಗುತ್ತೇನೆ. ಅಕ್ಕಿ ಗಿರಣಿ, ರಂಗೂನ್, ಬಾರದೆ ಹೋದ ಮಗ, ಈ ಮೂರನ್ನೂ ಹೇಳಿ ಕೇಳುತ್ತೇನೆ. ಏನು ತಿಳಿದರೂ ಇಲ್ಲೇ ಬರೆಯುತ್ತೇನೆ.